ಕಾಯಿಯ ಮೈಗೆ ಅಂಟಿದ ಮಣ್ಣು

ಕೊರಟಗೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಕೊಳವೆಬಾವಿಯ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಛತ್ರದ ಫ್ಯಾನು, ಸುಟ್ಟುಹೋದದ್ದೆಲ್ಲ ನನ್ನ ಬಾಗಿಲಿಗೆ ಬರುತ್ತದೆ. ಹೋದ ಕಾರ್ತೀಕದಲ್ಲಿ ಪಾವಗಡದ ಕಡೆಯಿಂದ ಆಟೊದಲ್ಲಿ ಗಾಳಿ ಊದುವ ಒಂದು ದೊಡ್ಡ ಬ್ಲೋಯರ್ ಬಂತು. ತಂದವನು ವಳ್ಳೂರಿನ ವಿಳಾಸ ಬರೆದ ಚೀಟಿ ಕೊಟ್ಟು ಹೊರಟುಹೋದ. ನಾನು ಕವಚದ ನಟ್ಟುಗಳನ್ನು ಬಿಚ್ಚಿ ಎತ್ತಿದೆ. ಒಳಗಿನಿಂದ ಎರಡು ಹಿಡಿ ಮಣ್ಣಿನ ಪುಡಿ, ಮುರಿದ ಕಡಲೆಕಾಯಿ ಸಿಪ್ಪೆ ನೆಲಕ್ಕೆ ಸುರಿಯಿತು. ಅದರ ಹಿಂದೆಯೇ ಮುಗ್ಗಲು ವಾಸನೆ ಎದ್ದಿತು.

ಸ್ಪಾನರ್ ಕೆಳಗಿಟ್ಟು ಅಂಗಡಿಯ ಹೊರಗೆ ಬಂದು ನಿಂತೆ. ಬೂಸ್ಟು ಹಿಡಿದ ಕಡಲೆಕಾಯಿಯ ವಾಸನೆ ಗೊತ್ತಿದ್ದವರಿಗೆ ಅದು ಬರೀ ಕೆಟ್ಟ ವಾಸನೆ. ನನಗೆ ಮಾತ್ರ ಅದು ಎಂಟು ವರ್ಷದ ಹಿಂದಿನ ಒಂದು ಸುಗ್ಗಿ. ಅವತ್ತು ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಆರಬಾರದು ಎಂದೂ ನನಗೆ ಅನಿಸುತ್ತದೆ.

ಆಗ ನಾನು ಮಧುಗಿರಿಯಲ್ಲಿ ಐಟಿಐ ಮುಗಿಸಿ ಒಂದು ವರ್ಷವಾಗಿತ್ತು. ಮಿಡಿಗೇಶಿಯ ಹೊರಗೆ, ಪಾವಗಡದ ರಸ್ತೆಗೆ ಹತ್ತಿಕೊಂಡಂತೆ, ರೈತರ ಸಂಘವೊಂದು ತಗಡಿನ ಶೆಡ್ಡು ಹಾಕಿ ಕಡಲೆಕಾಯಿ ಒಣಗಿಸುವ ಯಂತ್ರ ತರಿಸಿತ್ತು. ಯಂತ್ರ ನೋಡಿಕೊಳ್ಳಲು ಒಬ್ಬರು ಬೇಕೆಂದು ಸಂಘದ ಕಾರ್ಯದರ್ಶಿ ನಾಗರಾಜಪ್ಪನವರು ನನ್ನನ್ನು ಸೇರಿಸಿಕೊಂಡರು. ಒಂದು ಸುಗ್ಗಿಯ ಮಟ್ಟಿಗೆ ಕೆಲಸ. ಚೆನ್ನಾಗಿ ನಡೆದರೆ ಮುಂದುವರಿಯುತ್ತದೆ ಎಂದಿದ್ದರು. ಹೆಣ್ಣುಹುಡುಗಿ ಯಂತ್ರ ನಡೆಸುತ್ತಾಳೆ ಎಂದು ಬಸ್ಸಿನಲ್ಲಿ ಹೋಗುವವರು ಕತ್ತು ಹೊರಳಿಸಿ ನೋಡುತ್ತಿದ್ದರು.

ಯಂತ್ರವೆಂದರೆ ಕೋಣೆಯಷ್ಟಗಲದ ಕಬ್ಬಿಣದ ತೊಟ್ಟಿ. ತಳದಲ್ಲಿ ತೂತಿನ ತಗಡು. ತಗಡಿನ ಕೆಳಗಿನಿಂದ ಬ್ಲೋಯರ್ ಬಿಸಿಗಾಳಿ ಊದುತ್ತದೆ. ಗಾಳಿ ಕಾಯಿಗಳ ಸಂದಿಯಲ್ಲಿ ಹಾದು ಮೇಲೆ ಬರುವಾಗ ನೀರಿನಂಶವನ್ನು ಹೊತ್ತುಕೊಂಡು ಬರುತ್ತದೆ. ಪಕ್ಕದಲ್ಲಿ ಗಡಿಯಾರದಂಥ ಒಂದು ಮಾಪಕ. ಕೆಳಗಿನ ಗಾಳಿಯ ಒತ್ತಡ ಎಷ್ಟು ಎಂದು ಅದರ ಮುಳ್ಳು ತೋರಿಸುತ್ತದೆ. ಹಸಿರು ಪಟ್ಟಿಯ ಒಳಗೆ ಮುಳ್ಳು ನಿಂತಿದ್ದರೆ ಎಲ್ಲ ಸರಿ. ಇಷ್ಟನ್ನೂ ಕಂಪನಿಯ ಇಂಜಿನಿಯರ್ ನನಗೆ ಅರ್ಧ ದಿನದಲ್ಲಿ ಕಲಿಸಿದರು.

ತೊಟ್ಟಿಗೆ ಕಾಯಿ ತುಂಬುವ ಕೆಲಸಕ್ಕೆ ಮಿಡಿಗೇಶಿಯ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಹಿರಿಯಳು ಹನುಮಕ್ಕ. ಐವತ್ತು ದಾಟಿದ ಗಟ್ಟಿ ಹೆಂಗಸು, ಸೀರೆಯ ಮೇಲೊಂದು ಗಂಡಸರ ಅಂಗಿ ಹಾಕಿಕೊಂಡು ಬರುತ್ತಿದ್ದಳು. ಸುತ್ತಲ ಊರುಗಳಲ್ಲಿ ಬಿತ್ತನೆಗೆ ಅವಳನ್ನೇ ಕರೆಯುತ್ತಿದ್ದರು. ನೇಗಿಲಿನ ಹಿಂದೆ ಸಾಲಿಗೆ ಬೀಜ ಬಿಡುತ್ತಾ ಹೋದರೆ ಅಳತೆಪಟ್ಟಿ ಇಟ್ಟ ಹಾಗೆ ಬೀಳುತ್ತಿತ್ತಂತೆ. ಹನುಮಕ್ಕನ ಕೈ ಒಳ್ಳೆಯದು ಎನ್ನುವುದು ಅಲ್ಲಿ ಎಲ್ಲರೂ ಒಪ್ಪಿದ ಮಾತಾಗಿತ್ತು.

ಯಂತ್ರ ಪರೀಕ್ಷಿಸುವ ದಿನ ಕಂಪನಿಯವರೇ ಕಾಯಿ ತಂದಿದ್ದರು. ದಪ್ಪ ದಪ್ಪ, ನುಣ್ಣನೆಯ, ತೊಳೆದಿಟ್ಟಂಥ ಕಾಯಿ. ಹನುಮಕ್ಕ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಇದೇನಮ್ಮ, ಮದುವೆ ಹೆಣ್ಣಿಗೆ ನೀರು ಹುಯ್ದು ಕರ್ಕೊಂಡ್ ಬಂದಂಗೈತೆ. ನಮ್ ಕಳ್ಳೆಕಾಯಿ ಇಂಗಿರಲ್ಲ."

ಇಂಜಿನಿಯರ್ ಕೇಳಿಸಿಕೊಂಡು ನಕ್ಕರು. "ಕಡಲೆಕಾಯಿ ಎಲ್ಲ ಕಡೆ ಕಡಲೆಕಾಯಿನೇ ಅಲ್ವೇನಮ್ಮ. ಸೈಜು ಒಂದೇ ಇದ್ರೆ ಸಾಕು."

ತೊಟ್ಟಿಯ ಮೇಲೆ ಅಡ್ಡಲಾಗಿ ದಾರ ಕಟ್ಟಿ ಬಣ್ಣದ ಕಾಗದದ ಪಟ್ಟಿಗಳನ್ನು ಇಳಿಬಿಟ್ಟಿದ್ದರು. ಬ್ಲೋಯರ್ ಹಾಕಿದೊಡನೆ ಎಲ್ಲ ಪಟ್ಟಿಗಳೂ ಒಂದೇ ಸಮ ಮೇಲೆದ್ದು ಅಲ್ಲಾಡಿದವು. ಸಂಘದವರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ನಮ್ಮ ಕಡೆ ಕಡಲೆಕಾಯಿ ಒಣಗಿಸಲು ಯಾರೂ ಯಂತ್ರ ಹುಡುಕಿದವರಲ್ಲ. ಗಿಡ ಕಿತ್ತು ಬೇರು ಮೇಲೆ ಮಾಡಿ ಹೊಲದಲ್ಲೇ ಬಿಟ್ಟರೆ ಮೂರು ನಾಲ್ಕು ದಿನದಲ್ಲಿ ಬಿಸಿಲೇ ಆ ಕೆಲಸ ಮಾಡುತ್ತದೆ, ಮಣ್ಣೂ ತಾನಾಗಿ ಉದುರುತ್ತದೆ. ಆ ವರ್ಷ ಬಿಸಿಲು ಬರಲಿಲ್ಲ. ಬೇಕಾದಾಗ ಬಾರದ ಮಳೆ ಕಾಯಿ ಕೀಳುವ ವಾರಕ್ಕೆ ಸರಿಯಾಗಿ ಹಿಡಿದುಕೊಂಡಿತು. ಮಿಡಿಗೇಶಿ ಬೆಟ್ಟದ ಕೋಟೆ ಹನ್ನೊಂದು ದಿನ ಮೋಡದೊಳಗಿತ್ತು. ಹೊಲದಲ್ಲಿ ಬಿಟ್ಟ ಗಿಡದ ಕಾಯಿ ಅಲ್ಲೇ ಮೊಳಕೆ ಒಡೆಯತೊಡಗಿತು. ಜನ ಸಿಕ್ಕಷ್ಟನ್ನು ಬಿಡಿಸಿಕೊಂಡು ಟ್ರಾಕ್ಟರಿನಲ್ಲಿ ನಮ್ಮ ಶೆಡ್ಡಿಗೆ ತಂದರು.

ಮೊದಲು ಬಂದವರು ನಿಡುಗಲ್ ಕಡೆಯ ಲಕ್ಷ್ಮೀದೇವಮ್ಮ. ಅವರು ತಂದದ್ದು ಬಿತ್ತನೆ ಬೀಜ. ಅತ್ತೆಯ ಕಾಲದಿಂದ ವರ್ಷ ವರ್ಷ ಎತ್ತಿಟ್ಟು ಬಿತ್ತುತ್ತಿದ್ದ ನಾಟಿ ತಳಿ. ಕಾಯಿ ಸಣ್ಣದು, ಸಿಪ್ಪೆಯ ಮೇಲೆ ಬಲೆ ಹಾಸಿದ ಹಾಗೆ ಆಳವಾದ ಗೆರೆಗಳು. ಆ ಗೆರೆಗಳ ತುಂಬ ಎರೆಮಣ್ಣು ಮೆತ್ತಿಕೊಂಡಿತ್ತು. ಕೈಗೆ ತೆಗೆದುಕೊಂಡರೆ ಕಾಯಿಯಂತೆ ಕಾಣದೆ ಮಣ್ಣಿನುಂಡೆಯಂತೆ ಕಾಣುತ್ತಿತ್ತು.

"ಬಿಸಿ ಜಾಸ್ತಿ ಮಾಡ್ಬೇಡಮ್ಮಾ," ಎಂದರು ಲಕ್ಷ್ಮೀದೇವಮ್ಮ ನನಗೆ, ತಮ್ಮ ಕಡೆಯ ತೆಲುಗು ಬೆರೆತ ಮಾತಿನಲ್ಲಿ. "ವಿತ್ತನಾಲು ಇವಿ, ಬಿತ್ತನೆಗೆ ಇಟ್ಟಿರೋವು. ಈ ಬೀಜ ಹೋದ್ರೆ ಮತ್ತೆ ಎಲ್ಲೂ ಸಿಗೋದಲ್ಲ."

ಬೀಜಕ್ಕೆ ಎಷ್ಟು ಬಿಸಿ ಎಂದು ಪುಸ್ತಕದಲ್ಲಿ ಬರೆದಿತ್ತೋ ಅಷ್ಟೇ ಇಟ್ಟೆ. ಹನುಮಕ್ಕ ಮತ್ತು ಉಳಿದವರು ಮೊರದಲ್ಲಿ ತುಂಬಿ ತುಂಬಿ ಹಾಕಿದರು. ಕೊನೆಯ ಕಾಲುಭಾಗ ತುಂಬುವಾಗ ನಾನು ಊಟಕ್ಕೆ ಹೋಗಿದ್ದೆ. ವಾಪಸು ಬಂದಾಗ ಮೇಲ್ಭಾಗ ಸಮವಾಗಿತ್ತು. ಮಾಪಕದ ಮುಳ್ಳು ಹಸಿರು ಪಟ್ಟಿಯ ನಟ್ಟನಡುವೆ ನಿಂತಿತು. ಎರಡು ದಿನ ಅದು ಅಲ್ಲಿಂದ ಕದಲಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗಲೇ ವಾಸನೆ ಬಡಿಯಿತು. ಹನುಮಕ್ಕ ತೊಟ್ಟಿಗಿಳಿದು ತೋಳು ಪೂರ್ತಿ ಕಾಯಿಯೊಳಗೆ ತೂರಿಸಿದಳು. ನಡುವೆ ಒಂದು ಜಾಗದಲ್ಲಿ ಕೈ ಇಡಲಾರದಷ್ಟು ಬಿಸಿ. ಅಲ್ಲಿನ ಬೀಜ ಹುರಿದಂತಾಗಿ ಸಿಪ್ಪೆಯೊಳಗೆ ಗಲಗಲ ಎನ್ನುತ್ತಿತ್ತು. ಅಲ್ಲಿಂದ ಒಂದು ಮೊಳ ಆಚೆಗೆ ಕಾಯಿ ತಣ್ಣಗೆ, ಒದ್ದೆಯಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಅದನ್ನು ಎತ್ತಿದರೆ ನಡುವೆ ಹಸಿರು ಬೂಸ್ಟು. ಮೂಲೆಗಳಲ್ಲೂ ಹಾಗೆಯೇ.

ಲಕ್ಷ್ಮೀದೇವಮ್ಮನಿಗೆ ಹೇಳಿಕಳಿಸಿದೆವು. ಅವರು ಬಂದು ಅಳಲಿಲ್ಲ, ಬೈಯಲಿಲ್ಲ. ಸೆರಗಿನಲ್ಲಿ ಎರಡು ಬೊಗಸೆ ಕಾಯಿ ಹಾಕಿಕೊಂಡು ಶೆಡ್ಡಿನ ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಒಡೆದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಓದ್ಕೊಂಡೋಳು ಅಂತ ನಂಬಿ ಕೊಟ್ಟೆ ಕದಮ್ಮಾ," ಎಂದರು. ಅಷ್ಟೇ.

ಮಾರನೆಯ ದಿನ ಇಂಜಿನಿಯರ್ ಬಂದರು. ತೊಟ್ಟಿಯೊಳಗೆ ಇಳಿಯಲಿಲ್ಲ. ಮಾಪಕ ನೋಡಿದರು, ನಾನು ಗಂಟೆಗಂಟೆಗೆ ಬರೆದಿಟ್ಟ ಪುಸ್ತಕ ನೋಡಿದರು. "ಒತ್ತಡ ಸರಿಯಿದೆ. ಗಾಳಿ ಬಂದಿದೆ. ಕಾಯಿಯ ಸೈಜು ನಮ್ಮ ಲೆಕ್ಕದೊಳಗೇ ಇದೆ. ಅಂದ್ಮೇಲೆ ತುಂಬಿದ್ದರಲ್ಲಿ ತಪ್ಪಾಗಿದೆ," ಎಂದರು. ಯಾರು ತುಂಬಿದ್ದು ಎಂದು ನಾಗರಾಜಪ್ಪನವರು ಕೇಳಿದರು. ಎಲ್ಲರ ಕಣ್ಣೂ ಹನುಮಕ್ಕನ ಕಡೆ ಹೋಯಿತು.

"ನಾನು ಸಮವಾಗೇ ಹರ್ಡೀನಿ ಸ್ವಾಮಿ," ಎಂದಳು ಅವಳು.

ಅವಳ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನಾಗರಾಜಪ್ಪನವರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ನನ್ನ ಮುಂದಿಟ್ಟರು. ಕೂಲಿಯಾಳು ಹನುಮಕ್ಕ ಸೂಚನೆಯಂತೆ ಕಾಯಿ ಹರಡದೆ ಅಜಾಗರೂಕತೆಯಿಂದ ತುಂಬಿದ್ದರಿಂದ ನಷ್ಟವಾಗಿದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಸಹಿ ಮಾಡಬೇಕಾದವಳು ನಾನು.

ನಾನು ಕಂಡಿರಲಿಲ್ಲ. ನಾನು ಊಟಕ್ಕೆ ಹೋಗಿದ್ದೆ ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ತಪ್ಪು ನನ್ನ ತಲೆಗೆ ಬರುತ್ತದೆ ಎಂದು ಹೆದರಿದೆ. ಇನ್ನೂ ನಾಚಿಕೆಯ ಸಂಗತಿ ಎಂದರೆ, ಒಳಗೊಳಗೆ ನನಗೂ ಇವಳೇ ಏನೋ ಎಡವಟ್ಟು ಮಾಡಿರಬೇಕು ಎನಿಸಿತ್ತು. ಕೋಟು ಹಾಕಿಕೊಂಡ ಇಂಜಿನಿಯರು, ಕಂಪನಿಯ ಮಾಪಕ ಒಂದು ಕಡೆ. ಅಕ್ಷರ ಬಾರದ ಹೆಂಗಸೊಬ್ಬಳು ಇನ್ನೊಂದು ಕಡೆ. ಸಹಿ ಹಾಕಿದೆ. ಹನುಮಕ್ಕ ಎದುರಿಗೇ ನಿಂತು ನೋಡುತ್ತಿದ್ದಳು. ತಲೆಯ ಮೇಲಿದ್ದ ಗೋಣಿಕೊಪ್ಪೆ ಸರಿಮಾಡಿಕೊಂಡು ಮಳೆಯಲ್ಲೇ ಊರ ಕಡೆ ನಡೆದಳು.

ಹೊಸ ತಂಡ ಬಂತು. ಎರಡನೆಯ ಸಲ ತೊಟ್ಟಿಗೆ ಬಂದದ್ದು ಮಿಡಿಗೇಶಿಯದೇ ಕೆಮ್ಮಣ್ಣಿನ ಕಾಯಿ. ಈ ಸಲ ನಾನು ಊಟಕ್ಕೆ ಹೋಗಲಿಲ್ಲ. ಪ್ರತಿ ಮೊರವನ್ನೂ ಎಣಿಸುವ ಹಾಗೆ ನಿಂತು ನೋಡಿದೆ. ಉದ್ದನೆಯ ಹಲಗೆಯಿಂದ ನಾನೇ ಮಟ್ಟ ಮಾಡಿದೆ. ಮುಳ್ಳು ಹಸಿರು ಪಟ್ಟಿಯಲ್ಲೇ ನಿಂತಿತು. ಎರಡು ದಿನ ಕಳೆದು ಕೈ ತೂರಿಸಿದರೆ ಒಂದು ಕಡೆ ಒಲೆ, ಒಂದು ಕಡೆ ಕೆರೆಯ ದಡ.

ಕೈ ಹೊರತೆಗೆದು ತೊಟ್ಟಿಯ ಅಂಚಿನಲ್ಲಿ ಕೂತೆ. ಹನುಮಕ್ಕ ಸಮವಾಗೇ ಹರಡಿದ್ದಳು.

ಅಷ್ಟು ಹೊತ್ತಿಗೆ ಸುದ್ದಿ ಊರೂರು ಸುತ್ತಿತ್ತು. ಹನುಮಕ್ಕ ಮುಟ್ಟಿದ ಬೀಜ ಸತ್ತಿತು ಎಂದು ಮಿಡಿಗೇಶಿಯ ಅಂಗಡಿಗಳಲ್ಲಿ ಮಾತಾಡುತ್ತಿದ್ದರು. ಹುರುಳಿ ಬಿತ್ತನೆಗೆ ಅವಳಿಗೆ ಹೇಳಿದ್ದವರು ಬೇರೆಯವರನ್ನು ಕರೆದುಕೊಂಡು ಹೋದರು.

ನಮ್ಮ ಕಾಯಿ ಹೀಗಿರುವುದಿಲ್ಲ ಎಂದು ಹನುಮಕ್ಕ ಮೊದಲ ದಿನ ಹೇಳಿದ್ದು ನೆನಪಾಯಿತು. ನಮ್ಮ ಯಂತ್ರಕ್ಕೆ ಗಾಳಿಯ ಕೊಳವೆಗಳನ್ನು ಜೋಡಿಸಿದ್ದವರು ಸಿರಾದ ಖಲೀಲ್ ಸಾಬರು. ಅವರದು ತಲೆಮಾರುಗಳಿಂದ ತಗಡಿನ ಕೆಲಸ. ಪುರಿಭಟ್ಟಿ, ಬೇಕರಿ ಒಲೆ, ಹೊಗೆಕೊಳವೆ ಎಲ್ಲ ಮಾಡುತ್ತಾರೆ. ಒಂದು ಚೀಲದಲ್ಲಿ ಮಣ್ಣಿನ ಕಾಯಿ, ಇನ್ನೊಂದರಲ್ಲಿ ಶೆಡ್ಡಿನ ಮೂಲೆಯಲ್ಲಿ ಉಳಿದಿದ್ದ ಕಂಪನಿಯ ಕಾಯಿ ಹಾಕಿಕೊಂಡು ಅವರನ್ನು ಕೇಳಲು ಸಿರಾ ಬಸ್ಸು ಹತ್ತಿದೆ. ಸಾಬರು ಎರಡನ್ನೂ ಬೇರೆ ಬೇರೆ ತಟ್ಟೆಗೆ ಸುರಿದರು. ಕಂಪನಿಯ ಕಾಯಿ ಗರಗರನೆ ಹರಡಿಕೊಂಡು ತಟ್ಟೆಯ ಅಂಚಿಗೆ ಬಂತು. ನಮ್ಮದು ಗುಡ್ಡೆಯಾಗಿ ಬಿದ್ದು ಗುಡ್ಡೆಯಾಗಿಯೇ ನಿಂತಿತು. ಗುಡ್ಡೆಯ ಪಕ್ಕದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ಪೊಟರೆ.

"ನೋಡ್ ಬೇಟಿ," ಎಂದರು. "ಗಾಳಿ ಅಂದ್ರೆ ಸೋಂಬೇರಿ. ಸಲೀಸು ರಸ್ತೆ ಸಿಕ್ಕಿದ್ರೆ ಅದ್ರಾಗೇ ಹೋಗ್ತದೆ. ಈ ಪೊಟರೆ ಬಿಟ್ಟು ಆ ಗೋಡೇಲಿ ಯಾಕೆ ನುಗ್ತದೆ ಹೇಳು."

ಆಗ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥವಾಯಿತು. ನುಣುಪು ಮೈಯ ಕಾಯಿ ಒಂದರ ಮೇಲೊಂದು ಜಾರಿ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ. ನಡುವಿನ ಸಂದುಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಅಳತೆಯವು, ಗಾಳಿಯೂ ಎಲ್ಲ ಕಡೆ ಹಂಚಿಕೊಂಡು ಏಳುತ್ತದೆ. ಜಿಗುಟು ಮೈಯ ಕಾಯಿ ಹಾಗಲ್ಲ. ಬಿದ್ದಲ್ಲೇ ಪಕ್ಕದ ಕಾಯಿಯನ್ನು ಹಿಡಿದುಕೊಳ್ಳುತ್ತದೆ. ಒಂದು ಕಡೆ ಗವಿಯಾಗುತ್ತದೆ, ಒಂದು ಕಡೆ ಗೋಡೆಯಾಗುತ್ತದೆ. ಮೇಲಿನಿಂದ ಎಷ್ಟು ಮಟ್ಟ ಮಾಡಿದರೂ ಒಳಗಿನ ಗವಿ ಮುಚ್ಚುವುದಿಲ್ಲ. ಗವಿಯ ದಾರಿಯಲ್ಲಿ ಗಾಳಿ ನುಗ್ಗಿದಂತೆ ಅಲ್ಲಿನ ಕಾಯಿ ಒಣಗಿ ಮಣ್ಣು ಪುಡಿಯಾಗಿ ಉದುರುತ್ತದೆ. ಆ ಪುಡಿ ಅಕ್ಕಪಕ್ಕದ ಸಣ್ಣ ಸಂದುಗಳಿಗೆ ಸೇರಿ ಗೋಡೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಗವಿಯಲ್ಲಿ ಸಲೀಸು, ಗೋಡೆಯಲ್ಲಿ ಕಷ್ಟ. ಎರಡೂ ಸೇರಿ ಮಾಪಕದ ಮುಳ್ಳು ಮಾತ್ರ ನಡುವೆ ನಿಂತಿತ್ತು. ಕಾಯಿಯ ಗಾತ್ರ ಅಳೆದವರು ಕಾಯಿಯ ಮೈ ಮುಟ್ಟಿ ನೋಡಿರಲಿಲ್ಲ.

"ಮಾತಲ್ಲಿ ಹೇಳಿದ್ರೆ ನಂಬಲ್ಲ ಅವ್ರು," ಎಂದೆ.

"ತೋರ್ಸೋಣ," ಎಂದರು ಸಾಬರು. ಹದಿನೈದು ಲೀಟರಿನ ನಾಲ್ಕು ಎಣ್ಣೆ ಡಬ್ಬಗಳ ತಳ ಕತ್ತರಿಸಿ ತೂತಿನ ತಗಡು ಬೆಸೆದರು. ಒಲೆ ಊದುವ ಸಣ್ಣ ಬ್ಲೋಯರಿಗೆ ಒಂದು ಕೊಳವೆ ಜೋಡಿಸಿದರು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ಬಜಾರಿನಿಂದ ಲೋಬಾನ ತರಿಸಿದರು. ಕೆಂಡಕ್ಕೆ ಹಾಕಿದರೆ ದಟ್ಟ ಬಿಳಿ ಹೊಗೆ ಬರುತ್ತದೆ. ಅದಕ್ಕೆಲ್ಲ ಏನು ಕೊಡಬೇಕು ಎಂದಾಗ ನನ್ನ ಮುಖ ನೋಡಿ, "ಆ ಹೆಂಗ್ಸಿನ್ ಹೆಸ್ರು ಹಾಳಾಗ್ಯದಲ್ಲ, ಮೊದ್ಲು ಅದ್ ನೋಡು," ಎಂದರು.

ಅಲ್ಲಿಂದ ನೇರ ಹನುಮಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. ಕೂತ್ಕೋ ಎನ್ನಲಿಲ್ಲ. ನಿಂತೇ ಸಾಬರ ಡಬ್ಬಗಳ ವಿಷಯ ಹೇಳಿದೆ.

"ತುಂಬೋಕೆ ನೀನೇ ಬರ್ಬೇಕು ಹನುಮಕ್ಕ. ನಿನ್ ಕೈಯಲ್ಲೇ ಡಬ್ಬ ತುಂಬಿಸ್ಬೇಕು. ಆಗ ಗೊತ್ತಾಗುತ್ತೆ."

"ಸೈನು ಹಾಕ್ದೋಳು ನೀನೇ ಅಲ್ವಾ?"

"ಹೌದು. ನಾನೇ."

ಅವಳು ಒಂದಷ್ಟು ಹೊತ್ತು ನಾರು ಬಿಡಿಸಿದಳು. "ನಿನ್ ಸಲುವಾಗಿ ಬರಲ್ಲ ಕಣಮ್ಮ," ಎಂದಳು ಆಮೇಲೆ. "ಎಲ್ಲಿ ತೆಪ್ಪಾಯ್ತು ಅಂತ ನಂಗೂ ಗೊತ್ತಾಗ್ಬೇಕು. ಅದಕ್ಕೆ ಬತ್ತೀನಿ."

ನಾಗರಾಜಪ್ಪನವರನ್ನು ಕಾಡಿ ಬೇಡಿ ಇಂಜಿನಿಯರನ್ನು ಕರೆಸಿದೆ. ಲಕ್ಷ್ಮೀದೇವಮ್ಮನೂ ಬಂದರು. ಶೆಡ್ಡಿನ ಅಂಗಳದಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹನುಮಕ್ಕ ಎಲ್ಲರ ಎದುರಿಗೆ ಒಂದೇ ಮೊರದಿಂದ, ಒಂದೇ ಎತ್ತರದಿಂದ ಮೂರು ಡಬ್ಬ ತುಂಬಿದಳು. ಒಂದಕ್ಕೆ ಕಂಪನಿಯ ಕಾಯಿ. ಇನ್ನೊಂದಕ್ಕೆ ಮಣ್ಣು ಮೆತ್ತಿದ ನಮ್ಮ ಕಾಯಿ. ಮೂರನೆಯದಕ್ಕೂ ನಮ್ಮದೇ ಕಾಯಿ, ಆದರೆ ಒಂದು ದಿನ ಸೂರಿನ ಕೆಳಗೆ ತೆಳುವಾಗಿ ಹರಡಿ, ಮೇಲಿನ ಮಣ್ಣು ಬಿರಿದ ಮೇಲೆ ಗೋಣಿಚೀಲದಲ್ಲಿ ಹಾಕಿ ಉಜ್ಜಿ ಜರಡಿ ಹಿಡಿದದ್ದು. ಹಾಗೆ ಉಜ್ಜಬೇಕೆಂದು ಹೇಳಿದವಳು ಹನುಮಕ್ಕನೇ. ಹಸಿಮಣ್ಣನ್ನು ಉಜ್ಜಿದರೆ ಇನ್ನೂ ಮೆತ್ತಿಕೊಳ್ಳುತ್ತದೆ, ಬಿರಿಯುವವರೆಗೆ ಕಾಯಬೇಕು ಎಂಬುದು ನನಗೆ ತಿಳಿದಿರಲಿಲ್ಲ.

ಸಾಬರು ಕೆಂಡಕ್ಕೆ ಲೋಬಾನ ಹಾಕಿ ಕೊಳವೆಯನ್ನು ಮೊದಲ ಡಬ್ಬಕ್ಕೆ ಕೊಟ್ಟರು. ಹೊಗೆ ಡಬ್ಬದ ಬಾಯಗಲಕ್ಕೂ ಸಮನಾಗಿ ಎದ್ದಿತು. ಎರಡನೆಯದಕ್ಕೆ ಕೊಟ್ಟರು. ಒಂದು ಮೂಲೆಯಿಂದ ಹೊಗೆ ಬೀಡಿ ಸೇದಿ ಬಿಟ್ಟ ಹಾಗೆ ಬುಸ್ಸನೆ ಬಂತು, ಇನ್ನೊಂದು ಕಡೆ ನೂಲಿನಂತೆ ಒಂದು ಎಳೆ. ಉಳಿದ ಜಾಗದಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಮತ್ತೆ ಬಾಯಗಲ.

ಇಂಜಿನಿಯರ್ ಬಗ್ಗಿ ನೋಡಿ, "ಎರಡನೇದು ಒದ್ದೆ ಇದೆ. ನೀರಿನಂಶದಿಂದ ಹೀಗಾಗಿರ್ಬೇಕು," ಎಂದರು.

ಹನುಮಕ್ಕ ಖಾಲಿ ಉಳಿದಿದ್ದ ನಾಲ್ಕನೆಯ ಡಬ್ಬ ಎತ್ತಿಕೊಂಡಳು. ಕಂಪನಿಯ ಕಾಯಿಯನ್ನೇ ಒಂದು ಬುಟ್ಟಿಗೆ ಹಾಕಿ ಶೆಡ್ಡಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೋರಿಸಿ, ತಂದು ಡಬ್ಬಕ್ಕೆ ಸುರಿದಳು. ಸಾಬರು ಹೊಗೆ ಕೊಟ್ಟರು. ಒದ್ದೆ ಕಾಯಿಯ ಮೇಲೂ ಹೊಗೆ ಬಾಯಗಲಕ್ಕೆ ಎದ್ದಿತು.

"ನೀರಲ್ಲ ಸ್ವಾಮಿ," ಎಂದಳು. "ಮಣ್ಣು. ಮೈಗಂಟಿರೋ ಮಣ್ಣು."

ಲಕ್ಷ್ಮೀದೇವಮ್ಮ ಎದ್ದು ಬಂದು ಹನುಮಕ್ಕನ ಪಕ್ಕ ನಿಂತರು. ಇಂಜಿನಿಯರ್ ಫೋನು ತೆಗೆದು ಡಬ್ಬಗಳ ಫೋಟೊ ಹೊಡೆದರು, ಹನುಮಕ್ಕನಿಗೆ ಇನ್ನೊಂದು ಸಲ ಕಾಯಿ ಸುರಿಯಲು ಹೇಳಿ ಅದನ್ನೂ ಹೊಡೆದರು. ಕಾಯಿ ಎಷ್ಟು ದಿನ ಹರಡಬೇಕು, ಎಷ್ಟು ಹೊತ್ತು ಉಜ್ಜಬೇಕು ಎಂದು ಕೇಳಿ ಬರೆದುಕೊಂಡರು. "ಒಳ್ಳೇ ಅಬ್ಸರ್ವೇಶನ್ನು. ರಿಪೋರ್ಟಿನಲ್ಲಿ ಸೇರಿಸ್ತೀನಿ," ಎಂದು ಕಾರು ಹತ್ತಿದರು. ಅವತ್ತು ಸಂಜೆ ಸಾಬರು, ಹನುಮಕ್ಕ, ನಾನು ಬಸ್ಸಿನ ದಾರಿ ಕಾಯುತ್ತಾ ರಸ್ತೆಬದಿಯಲ್ಲಿ ಟೀ ಕುಡಿದೆವು. ಗೆದ್ದೆವು ಎಂದುಕೊಂಡಿದ್ದೆ.

ವರದಿ ಮೂರು ವಾರದ ಮೇಲೆ ಬಂತು. ಇಂಗ್ಲಿಷಿನಲ್ಲಿತ್ತು. ನಾಗರಾಜಪ್ಪನವರ ಮೇಜಿನ ಎದುರು ನಿಂತು ನಿಧಾನವಾಗಿ ಓದಿದೆ. ಯಂತ್ರ ದೋಷರಹಿತವಾಗಿದೆ. ಒತ್ತಡ ನಿಗದಿತ ಮಿತಿಯಲ್ಲಿತ್ತು. ತರಬೇತಿಯಿಲ್ಲದ ಕೂಲಿಯವರು ಅಜಾಗರೂಕತೆಯಿಂದ ತುಂಬಿದ್ದೇ ನಷ್ಟಕ್ಕೆ ಕಾರಣ. ಆಧಾರ: ಯಂತ್ರ ನಿರ್ವಾಹಕಿಯ ಲಿಖಿತ ಹೇಳಿಕೆ. ಕೊನೆಯ ಪುಟದಲ್ಲಿ ನನ್ನ ಸಹಿಯಿದ್ದ ಹಾಳೆಯ ನಕಲು. ಮಣ್ಣು ಎಂಬ ಶಬ್ದ ಇಡೀ ವರದಿಯಲ್ಲಿ ಒಂದು ಕಡೆಯೂ ಇರಲಿಲ್ಲ.

"ಇದು ಸುಳ್ಳು," ಎಂದೆ. "ನೀವೂ ಅಲ್ಲೇ ಇದ್ರಿ. ಹೊಗೆ ನೋಡಿದ್ರಿ."

"ನೋಡ್ದೆ ಕಣಮ್ಮ. ಇಲ್ಲ ಅಂದೋರ್ಯಾರು?" ಎಂದರು ನಾಗರಾಜಪ್ಪ. "ಯಂತ್ರದ್ದು ತಪ್ಪು ಅಂದ್ರೆ ಕಂಪನಿಯೋರು ಕಿತ್ಕೊಂಡು ಹೋಗ್ತಾರೆ. ಆಮೇಲೆ ನಾವು ಏನ್ ಮಾಡಾನ? ಆಯಮ್ಮಂದೇನು, ನಾಲ್ಕು ದಿನಕ್ಕೆ ಜನ ಮರೀತಾರೆ."

ನಾನು ಅಲ್ಲಿ ಕೂಗಾಡಿದೆ. ಆ ಹಾಳೆ ವಾಪಸು ಕೊಡಿ ಎಂದೆ. ಕಂಪನಿಗೆ ಹೋದದ್ದು ಹೇಗೆ ಬರುತ್ತದೆ ಎಂದರು. ಸುಗ್ಗಿ ಮುಗಿಯುವ ಮೊದಲೇ ನನಗೆ ಬರಬೇಡ ಎಂದರು. ಮುಂದಿನ ವರ್ಷ ಶೆಡ್ಡಿಗೆ ಬೀಗ ಬಿತ್ತು. ಕಾಯಿ ತರುವವರು ಯಾರೂ ಉಳಿದಿರಲಿಲ್ಲ. ಹನುಮಕ್ಕನನ್ನು ಬಿತ್ತನೆಗೆ ಕರೆಯುವವರೂ ಉಳಿಯಲಿಲ್ಲ. ಜನ ನಾಲ್ಕು ದಿನಕ್ಕೆ ಮರೆಯಲಿಲ್ಲ. ಲಕ್ಷ್ಮೀದೇವಮ್ಮ ತಮ್ಮೂರಿನಲ್ಲಿ ಹೇಳಿದರೂ ಮಿಡಿಗೇಶಿಯವರಿಗೆ ಬರೆದ ಕಾಗದದ ಮೇಲೇ ನಂಬಿಕೆ ಹೆಚ್ಚು. ಹನುಮಕ್ಕ ಇಟ್ಟಿಗೆ ಗೂಡಿನ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಹೋಗಿ ನೋಡುವ ಧೈರ್ಯವಾಗಲಿಲ್ಲ.

ಇಷ್ಟು ವರ್ಷದ ಮೇಲೆ ನನ್ನ ಅಂಗಡಿಗೆ ಬಂದ ಆ ಬ್ಲೋಯರನ್ನು ರಿಪೇರಿ ಮಾಡಿ, ಯಾರ ಕೈಯಲ್ಲಾದರೂ ಕಳಿಸಬಹುದಾಗಿದ್ದರೂ, ನಾನೇ ಗಾಡಿಯಲ್ಲಿ ಹಾಕಿಕೊಂಡು ವಳ್ಳೂರಿಗೆ ಹೋದೆ. ಸೋಲಾರ್ ಹಲಗೆಗಳ ಸಾಲು ಮುಗಿಯುವಲ್ಲಿ ಹೊಸ ಶೆಡ್ಡು. ಒಳಗೆ ಅದೇ ಮಾದರಿಯ ಯಂತ್ರ, ಅದೇ ಕಂಪನಿಯದು, ಬಣ್ಣ ಮಾತ್ರ ಬೇರೆ. ಗೋಡೆಯ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಿದ ದೊಡ್ಡ ಹಾಳೆ. ಮೈಗೆ ಮಣ್ಣು ಅಂಟಿದ ಕಾಯಿಯನ್ನು ಹಾಗೆಯೇ ತುಂಬಬಾರದು. ನೆರಳಿನಲ್ಲಿ ಒಂದು ದಿನ ಹರಡಿ, ಮಣ್ಣು ಬಿರಿದ ಮೇಲೆ ಗೋಣಿಚೀಲದಲ್ಲಿ ಉಜ್ಜಿ, ಜರಡಿ ಹಿಡಿದು ತುಂಬಬೇಕು. ಮಾಪಕದ ಮುಳ್ಳನ್ನು ಮಾತ್ರ ನಂಬದೆ ಹೊಗೆ ಬಿಟ್ಟು ನೋಡಬೇಕು. ಕೆಳಗೆ ಬರೆದಿತ್ತು: ನಮ್ಮ ತಜ್ಞರ ಸಂಶೋಧನೆ.

ಪಕ್ಕದಲ್ಲಿ ಒಂದು ಫೋಟೊ. ಎಣ್ಣೆ ಡಬ್ಬ, ಅದರ ಮೇಲೆ ಏಳುತ್ತಿರುವ ಹೊಗೆ, ಮೊರದಿಂದ ಕಾಯಿ ಸುರಿಯುತ್ತಿರುವ ಎರಡು ಕೈ. ಮೊಣಕೈ ಮೇಲಕ್ಕೆ ಕತ್ತರಿಸಿದ್ದರು. ಗಂಡಸರ ಅಂಗಿಯ ಮಡಚಿದ ತೋಳು ಮಾತ್ರ ಕಾಣುತ್ತಿತ್ತು.

ಯಂತ್ರ ನೋಡಿಕೊಳ್ಳುವ ಹುಡುಗಿಯನ್ನು ಕೇಳಿದೆ, ಇದು ಯಾರ ಕೈ ಗೊತ್ತಾ ಎಂದು. "ಯಾವ್ದೋ ಇಂಟರ್ನೆಟ್ ಫೋಟೊ ಅಕ್ಕ," ಎಂದಳು ಪಾಪ. ಈ ಹಾಳೆಯಲ್ಲಿರುವಂತೆ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. "ಅಯ್ಯೋ, ಕಾಯೆಲ್ಲ ಮುಗ್ಗಾಗೋಗುತ್ತೆ. ಇದು ಎಲ್ರಿಗೂ ಗೊತ್ತಿರೋದೇ," ಎಂದಳು.

ಎಲ್ಲರಿಗೂ ಗೊತ್ತಿರುವುದೇ. ಗೊತ್ತು ಮಾಡಿಕೊಟ್ಟವಳು ಮಾತ್ರ ಅಜಾಗರೂಕಳು. ಅವಳ ಬುದ್ಧಿ ಬೇಕು, ಕೈ ಬೇಕು, ಮುಖ ಬೇಡ, ಹೆಸರು ಬೇಡ. ತಪ್ಪು ಹೊರಿಸಲು ಮಾತ್ರ ಹೆಸರು ಬೇಕಾಗಿತ್ತು, ಆಗ ಕೂಲಿಯಾಳು ಹನುಮಕ್ಕ ಎಂದು ಬಿಡಿಸಿ ಬರೆದಿದ್ದರು. ಕಂಪನಿಯ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ. ಅವರ ಸುಳ್ಳಿಗೆ ಆಧಾರವಾಗಿ ನಿಂತಿದ್ದು ನನ್ನ ಸಹಿ.

ಮಾರನೆಯ ದಿನ ಅಂಗಡಿ ಮುಚ್ಚಿ ಕೂತು ಒಂದು ಪತ್ರ ಬರೆದೆ. ಒಂದು ಪ್ರತಿ ಕಂಪನಿಗೆ ಕಳಿಸಿದೆ; ಇವತ್ತಿನವರೆಗೆ ಉತ್ತರವಿಲ್ಲ, ಬರುವುದೂ ಇಲ್ಲ. ಇನ್ನೊಂದನ್ನು ಸಂಘದ ಕಚೇರಿಗೆ ತೆಗೆದುಕೊಂಡು ಹೋದೆ. ನಾಗರಾಜಪ್ಪನವರ ತಲೆ ಪೂರ್ತಿ ಬೆಳ್ಳಗಾಗಿತ್ತು. "ಹಳೇದು ಬುಡಮ್ಮ, ಈಗ್ಯಾಕೆ ಕೆದಕ್ತೀಯ?" ಎಂದರು. ಸೀಲು ಹಾಕಿ ಸ್ವೀಕರಿಸಿದೆ ಎಂದು ಬರೆದುಕೊಡುವವರೆಗೆ ಎದುರಿನ ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಸೀಲು ಹಾಕಿದರು.

ಸೀಲು ಬಿದ್ದ ಪ್ರತಿ ಹಿಡಿದುಕೊಂಡು ಹನುಮಕ್ಕನ ಮನೆಗೆ ಹೋದೆ. ಅವಳು ಜಗುಲಿಯ ಮೇಲೆ ಕೂತಿದ್ದಳು, ಸೊಂಟ ಬಾಗಿತ್ತು. ನನ್ನನ್ನು ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಳ್ಳೂರಿನ ಗೋಡೆಯ ಮೇಲೆ ಕಂಡದ್ದನ್ನು ಹೇಳಿದೆ. ಕೇಳಿ ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಕೈಯಾಗೇನೈತೆ ಅದು?" ಎಂದಳು ಹಾಳೆ ತೋರಿಸಿ.

"ನಾನು ಬರ್ದಿದ್ದು ಹನುಮಕ್ಕ. ಸಂಘಕ್ಕೆ ಕೊಟ್ಟು ಸೀಲು ಹಾಕಿಸ್ಕೊಂಡು ಬಂದಿದೀನಿ."

"ಏನಂತ ಬರ್ದಿದೀಯ? ಓದು."

ಓದಿದೆ. ಹನುಮಕ್ಕ ಅಜಾಗರೂಕತೆಯಿಂದ ಕಾಯಿ ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಮಾಡಿದ್ದು ಸುಳ್ಳು. ಕೊನೆಯ ಕಾಲುಭಾಗ ತುಂಬುವಾಗ ನಾನು ಅಲ್ಲಿರಲಿಲ್ಲ. ಅವರು ಸರಿಯಾಗಿಯೇ ಹರಡಿದ್ದರು. ಬೀಜ ಹಾಳಾದದ್ದು ಅವರ ಕೈಯಿಂದಲ್ಲ, ಕಾಯಿಯ ಮೈಗೆ ಅಂಟಿದ ಮಣ್ಣಿನಿಂದ. ನಮ್ಮ ಕಾಯಿ ಬೇರೆ ಎಂದು ಮೊದಲ ದಿನವೇ ಹೇಳಿದವರೂ, ಮಣ್ಣೇ ಕಾರಣವೆಂದು ಎಲ್ಲರ ಎದುರು ತೋರಿಸಿಕೊಟ್ಟವರೂ, ಪರಿಹಾರ ಹೇಳಿದವರೂ ಅವರೇ.

ಮುಗಿಸಿ ತಲೆ ಎತ್ತಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಬೀದಿಯ ಆಚೆಯ ಮನೆಯ ಜಗುಲಿಯಲ್ಲಿ ಮೂರು ನಾಲ್ಕು ಜನ ಕೂತಿದ್ದರು, ಅವರ ಕಡೆ ನೋಡುತ್ತಿದ್ದಳು.

"ಇನ್ನೊಂದ್ಸಲ ಓದು," ಎಂದಳು. "ಈ ಸಲ ಎದ್ ನಿಂತ್ಕೊಂಡು ಓದು. ಆ ಮನೆಯೋರ್ಗೂ ಕೇಳ್ಬೇಕು."

ನಾನು ಎದ್ದು ನಿಂತು, ಬೀದಿಯ ಕಡೆ ಮುಖ ಮಾಡಿ, ಮೊದಲ ಸಾಲಿನಿಂದ ಓದಲು ಶುರು ಮಾಡಿದೆ.